ಹೋಗುವ ದೂರ, ಬರುವ ಹೊತ್ತು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೆಂಗಳೂರಿನವರಿಗಿಂತ ಬಳ್ಳಾರಿಯವರಿಗೆ ಹತ್ತಿರ. ನಗಬೇಡಿ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ಭೂಮಿಯ ಮೈಗುಂಟ ಅತಿ ಹತ್ತಿರದ ದಾರಿ ಹಿಡಿದರೆ, ಸುಮಾರು 13,990 ಕಿಲೋಮೀಟರ್. ಬಳ್ಳಾರಿಯಿಂದ ಅದೇ ಲೆಕ್ಕ 13,810ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆ ದಾರಿ ಹೋಗುವುದು ಉತ್ತರಕ್ಕೆ. ನಾವಿರುವುದೂ ಬೆಂಗಳೂರಿಗೆ ಉತ್ತರಕ್ಕೆ. ಹಾಗಾಗಿ ನಮಗೆ ಸುಮಾರು ನೂರಾ ಎಂಬತ್ತು ಕಿಲೋಮೀಟರ್ ಉಳಿತಾಯ. ಆದರೆ ಈ ಉಳಿತಾಯ ಜೇಬಿಗೆ ಬೀಳುವುದಿಲ್ಲ. ವಿಮಾನ ಹತ್ತಬೇಕೆಂದರೆ ಮೊದಲು ಅಮೆರಿಕಕ್ಕೆ ಬೆನ್ನು ಮಾಡಿ ಮುನ್ನೂರು ಕಿಲೋಮೀಟರ್ ದಕ್ಷಿಣಕ್ಕೆ ಹೋಗಬೇಕು.

ನಾನು ಜೀನ್ಸ್ ಹೊಲಿಯುವ ಒಂದು ಸಣ್ಣ ಯೂನಿಟ್‌ನಲ್ಲಿ ಲೆಕ್ಕ ಬರೆಯುವವನು. ಅಂಕಿ ಕಂಡರೆ ಅದು ಎಲ್ಲಿಂದ ಬಂತು ಅಂತ ಕೆದಕುವ ಚಾಳಿ. ತಂಗಿ ಮದುವೆಯಾಗಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ಹೊಸೆಗೆ ಹೋದ ಮೇಲೆ ಈ ಚಾಳಿ ವಿಮಾನದ ಕಡೆ ತಿರುಗಿತು. ನೆಟ್‌ನಲ್ಲಿ ಯಾವ ಎರಡು ಊರಿನ ಹೆಸರು ಕೊಟ್ಟರೂ ವಿಮಾನದ ದೂರ ಇಷ್ಟು, ಪ್ರಯಾಣದ ಹೊತ್ತು ಇಷ್ಟು ಅಂತ ತಟ್ಟನೆ ಹೇಳುವ ಪುಟಗಳಿವೆ. ಬಳ್ಳಾರಿ ಅಂತ ಕೊಟ್ಟರೂ ಬೇಡ ಅನ್ನುವುದಿಲ್ಲ. ಹದಿನೇಳು ಗಂಟೆ ಚಿಲ್ಲರೆ ಅಂತ ನಿಮಿಷದ ಸಮೇತ ಉತ್ತರ ಕೊಡುತ್ತವೆ. ಬಳ್ಳಾರಿಯಿಂದ ಅಮೆರಿಕಕ್ಕೆ ಯಾವ ವಿಮಾನವೂ ಹಾರುವುದಿಲ್ಲ ಅನ್ನುವುದು ಆ ಪುಟಕ್ಕೆ ಗೊತ್ತೇ ಇಲ್ಲ. ಸುಮ್ನೆ ದೂರವನ್ನು ಗಂಟೆಗೆ ಎಂಟುನೂರೋ ಒಂಬೈನೂರೋ ಕಿಲೋಮೀಟರ್ ವೇಗದಿಂದ ಭಾಗಿಸುವುದು, ಏರಲು ಇಳಿಯಲು ಅಂತ ಅರ್ಧ ಗಂಟೆ ಕೂಡಿಸುವುದು. ಮುಗಿಯಿತು. ನಮ್ಮ ಯೂನಿಟ್‌ನಲ್ಲಿ ಹೀಗೆ ಲೆಕ್ಕ ಬರೆದರೆ ಮಾಲೀಕರು ಅದೇ ದಿನ ಮನೆಗೆ ಕಳಿಸುತ್ತಾರೆ.

ಆ ಪುಟಗಳ ಮೇಲೆ ನನಗೆ ಸಿಟ್ಟೇನೂ ಇಲ್ಲ. ದೂರವನ್ನು ಅವು ಸರಿಯಾಗಿಯೇ ಹೇಳುತ್ತವೆ. ಹೊತ್ತಿನ ವಿಷಯಕ್ಕೆ ಬಂದಾಗ ಮಾತ್ರ ಎಡವುತ್ತವೆ. ಯಾಕೆಂದರೆ ದೂರದಿಂದ ಹೊತ್ತು ಹುಟ್ಟುತ್ತದೆ ಅಂತ ಅವು ನಂಬಿವೆ. ಗಾಳಿ, ಗುಡ್ಡ, ಗಡಿ ಈ ಮೂರೂ ಸೇರಿ ಹೊತ್ತನ್ನು ಎಷ್ಟು ಅಲುಗಾಡಿಸುತ್ತವೆ ಅಂತ ಓದುತ್ತಾ ಹೋದ ಹಾಗೆ ನನಗೆ ರುಚಿ ಹತ್ತಿತು.

ಅವ್ವ ಒಮ್ಮೆ ಕೇಳಿದಳು. "ಪಾಪಿ ಇರೋ ಊರು ಎಷ್ಟು ದೂರ ಐತಪ್ಪ?" ಪಾಪಿ ಅಂದರೆ ತಂಗಿ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದರೆ ಅವ್ವನಿಗೆ ಏನೂ ಕಾಣುವುದಿಲ್ಲ. ನನಗೂ ಅಷ್ಟೇ. ಮಗಳ ಶಾಲೆಯ ಗ್ಲೋಬ್ ಮನೆಯಲ್ಲಿತ್ತು. ಯೂನಿಟ್‌ನಿಂದ ತಂದಿದ್ದ ಜೀನ್ಸ್ ಹೊಲಿಯುವ ದಾರ, ಅದೇ ಕಿತ್ತಳೆ ಬಣ್ಣದ ದಪ್ಪ ದಾರ, ಅದೂ ಇತ್ತು. ಗ್ಲೋಬಿನಲ್ಲಿ ಬಳ್ಳಾರಿಯ ಹೆಸರಿಲ್ಲ. ಹೈದರಾಬಾದಿಗೂ ಬೆಂಗಳೂರಿಗೂ ನಡುವೆ ಸ್ವಲ್ಪ ಎಡಕ್ಕೆ ದಾರದ ಒಂದು ತುದಿ ಇಟ್ಟು ಟೇಪು ಅಂಟಿಸಿದೆ. ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ. ಮೊದಲು ದಾರ ಸಡಿಲವಾಗಿ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಅಂತ ಅಡ್ಡಡ್ಡ ಬಿದ್ದಿತ್ತು. ಗೋಡೆಯ ಮೇಲಿನ ನಕ್ಷೆಯಲ್ಲಿ ನಮಗೆ ಕಾಣುವ ದಾರಿಯೂ ಅದೇ ತಾನೇ. ಆ ಕಡೆಯಿಂದ ದಾರವನ್ನು ಬಿಗಿ ಮಾಡಿ ಎಳೆದರೆ ಅದು ನಿಲ್ಲಲೇ ಇಲ್ಲ. ಮೇಲಕ್ಕೆ ಜಾರುತ್ತಾ ಜಾರುತ್ತಾ ಧ್ರುವವನ್ನೇ ಹಾರಿ ಆ ಕಡೆಗೆ ಹೋಗಿ ಕೂತಿತು. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಸಮುದ್ರದ ಅಂಚು ಮುಟ್ಟಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ.

"ಇದೇನಪ್ಪ, ಮಂಜಿನ ಮೇಲೆ ಹೋಗ್ತೈತಲ್ಲ!" ಅಂದಳು ಅವ್ವ. ಆಮೇಲೆ ದಾರದ ಮೇಲೆ ಕೈಯಿಟ್ಟು ಅಳೆದಳು. ಹೆಬ್ಬೆರಳಿಂದ ಕಿರುಬೆರಳಿಗೆ ಸರಿಯಾಗಿ ಒಂದು ಗೇಣು. ಆ ಗ್ಲೋಬಿನ ಮೇಲೆ ಯಾವ ಊರನ್ನೂ ಇನ್ನೊಂದು ಊರಿನಿಂದ ಒಂದೂವರೆ ಗೇಣಿಗಿಂತ ದೂರ ಇಡಲು ಆಗುವುದಿಲ್ಲ ಅಂತ ನಾನು ತೋರಿಸಿದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅರ್ಧ ಸುತ್ತಿದರೆ 20,000. ಅದಕ್ಕಿಂತ ಮುಂದೆ ಹೋದರೆ ಹಿಂದಿನಿಂದ ಹತ್ತಿರ ಆಗುತ್ತಾ ಬರುತ್ತೀರಿ. ಅವ್ವನಿಗೆ ಇದು ಬಹಳ ಹಿಡಿಸಿತು. ಮಗಳು ದೂರ ಹೋದರೂ ಅದಕ್ಕೊಂದು ಮಿತಿ ಇದೆ ಅಂತ ಆಯಿತಲ್ಲ.

ವಿಮಾನ ಈ ದಾರದ ಮೇಲೇ ಹೋಗುತ್ತದೆಯೇ? ಬಹಳ ಸಲ ಇಲ್ಲ. ಮೊದಲನೇ ತಕರಾರು ಟಿಬೆಟ್‌ನದು. ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಕೆಳಗೆ ಗುಡ್ಡ ಇದ್ದರೇನು ಅಂತ ಅನ್ನಿಸುತ್ತದೆ ಅಲ್ವಾ? ಹಾರುವಾಗ ಏನೂ ತೊಂದರೆಯಿಲ್ಲ. ಒಳಗಿನ ಗಾಳಿಯ ಒತ್ತಡ ಹೋಗಿಬಿಟ್ಟರೆ ಕಷ್ಟ. ಆಗ ತಲೆ ಮೇಲಿಂದ ಆಮ್ಲಜನಕದ ಮುಖವಾಡ ಬೀಳುತ್ತದೆ. ಗಗನಸಖಿಯರು ಕೈಯಾಡಿಸಿ ತೋರಿಸುತ್ತಾರಲ್ಲ, ಅದೇ. ಅದರಲ್ಲಿ ಬರುವ ಆಮ್ಲಜನಕ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು. ಅಷ್ಟರೊಳಗೆ ಪೈಲಟ್ ವಿಮಾನವನ್ನು ಹತ್ತು ಸಾವಿರ ಅಡಿಗೆ, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಜನ ಮುಖವಾಡ ಇಲ್ಲದೆ ಉಸಿರಾಡಬಹುದು. ಟಿಬೆಟ್‌ನ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ.

ಅದನ್ನು ದಾಟಿದರೆ ಸೈಬೀರಿಯಾ. ಅಲ್ಲಿ ಗುಡ್ಡದ ಕಾಟ ಕಡಿಮೆ, ಊರುಗಳೇ ಇಲ್ಲ ಅನ್ನುವುದೇ ಕಾಟ. ಎರಡು ಎಂಜಿನ್‌ನ ವಿಮಾನ ಎಲ್ಲೇ ಇರಲಿ, ಒಂದು ಎಂಜಿನ್ ಕೆಟ್ಟರೂ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು ಅಂತ ನಿಯಮ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನಕ್ಕೆ ಹೀಗೇ ಆಯಿತು. ಒಂದು ಎಂಜಿನ್‌ನಲ್ಲಿ ತೊಂದರೆ ಕಂಡು ಪೈಲಟ್‌ಗಳು ರಷ್ಯಾದ ಮಗದಾನ್‌ನಲ್ಲಿ ಇಳಿಸಿದರು. 216 ಪ್ರಯಾಣಿಕರು. ಊರಿನ ಹೋಟೆಲ್‌ಗಳು ಸಾಲದೆ ಎಷ್ಟೋ ಜನ ಶಾಲೆ, ಹಾಸ್ಟೆಲುಗಳಲ್ಲಿ ಮಲಗಿದರು. ಇನ್ನೊಂದು ವಿಮಾನ ಬಂದು ಅವರನ್ನು ಕರೆದುಕೊಂಡು ಹೋಗಿದ್ದು ಮೂರನೇ ದಿನ. ಆ ಸುದ್ದಿ ಟಿವಿಯಲ್ಲಿ ಬರುವಾಗ ನಾನು ಗ್ಲೋಬ್ ತಂದು ನೋಡಿದೆ. ಮಗದಾನ್ ಓಖೋಟ್ಸ್ಕ್ ಸಮುದ್ರದ ದಂಡೆಯಲ್ಲಿ, ನಮ್ಮ ಕಿತ್ತಳೆ ದಾರ ಇದ್ದ ಕಡೆಯಿಂದ ತೀರಾ ದೂರವೇನಲ್ಲ. ಅವ್ವನಿಗೆ ಮಾತ್ರ ಹೇಳಲಿಲ್ಲ.

ಈಗ ಗಾಳಿಗೆ ಬರೋಣ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

2016ರ ಅಕ್ಟೋಬರ್‌ವರೆಗೆ ದೆಹಲಿಯ ಏರ್ ಇಂಡಿಯಾ ವಿಮಾನ ಅಟ್ಲಾಂಟಿಕ್ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿತ್ತು. ಸುಮಾರು 13,900 ಕಿಲೋಮೀಟರ್. ಆ ತಿಂಗಳು ದಿಕ್ಕು ಬದಲಾಯಿಸಿದರು. ಪಶ್ಚಿಮಕ್ಕೆ ಹೋಗುವ ಬದಲು ಪೂರ್ವಕ್ಕೆ, ಪೆಸಿಫಿಕ್ ಮೇಲೆ. ಆ ದಾರಿ ಸುಮಾರು 15,300 ಕಿಲೋಮೀಟರ್. ಸಾವಿರದ ನಾನೂರು ಕಿಲೋಮೀಟರ್ ಜಾಸ್ತಿ. ಆದರೂ ವಿಮಾನ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಮೊದಲಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಬೇಗ! ದೂರ ಜಾಸ್ತಿಯಾಯಿತು, ಹೊತ್ತು ಕಡಿಮೆಯಾಯಿತು. ಎಂಟುನೂರರಿಂದ ಭಾಗಿಸುವ ಪುಟಕ್ಕೆ ಈ ಲೆಕ್ಕ ಒಪ್ಪಿಸಿ ನೋಡೋಣ.

ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಅಂತ ಆಗ ಎಷ್ಟೋ ಕಡೆ ಹೇಳಿದರು. ಈಗಲೂ ಚಹಾದಂಗಡಿಯಲ್ಲಿ ಯಾರಾದರೂ ಹೇಳುತ್ತಾರೆ. ಅದು ಹಾಗಲ್ಲ. ಭೂಮಿಯ ಜೊತೆಗೆ ಅದರ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತದೆ. ಹಾಗಿಲ್ಲದಿದ್ದರೆ ಹೆಲಿಕಾಪ್ಟರ್‌ನಲ್ಲಿ ಮೇಲೆದ್ದು ಸುಮ್ನೆ ಕಾಯುತ್ತಾ ಕೂತರೆ ಸಾಕಿತ್ತು, ಅಮೆರಿಕವೇ ಕೆಳಗೆ ಬರುತ್ತಿತ್ತು. ಕೆಲಸ ಮಾಡುವುದು ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಹೊಳೆ. ನೆಲದಿಂದ ಒಂಬತ್ತು ಹತ್ತು ಕಿಲೋಮೀಟರ್ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಲೇ ಇರುತ್ತದೆ. ಗಂಟೆಗೆ ನೂರೈವತ್ತು ಇನ್ನೂರು ಕಿಲೋಮೀಟರ್ ಮಾಮೂಲು. ಚಳಿಗಾಲದಲ್ಲಿ ಮುನ್ನೂರನ್ನೂ ದಾಟುತ್ತದೆ. ವಿಮಾನದ ಸ್ವಂತ ವೇಗ ಗಂಟೆಗೆ ಒಂಬೈನೂರು ಅಂದುಕೊಳ್ಳಿ. ಬೆನ್ನಿಗೆ ಗಾಳಿ ನೂರೈವತ್ತು ಸಿಕ್ಕರೆ ಸಾವಿರದ ಐವತ್ತು. ಎದುರಿಗೆ ಸಿಕ್ಕರೆ ಏಳುನೂರೈವತ್ತು. ಹದಿನಾಲ್ಕು ಸಾವಿರ ಕಿಲೋಮೀಟರನ್ನು ಇವೆರಡರಿಂದಲೂ ಭಾಗಿಸಿ ನೋಡಿ. ಪೂರ್ತಿ ದಾರಿ ಗಾಳಿ ಹಾಗೇ ಇರುವುದಿಲ್ಲ, ಆದರೆ ಗಂಟೆಗಟ್ಟಲೆ ವ್ಯತ್ಯಾಸ ಹೇಗೆ ಬರುತ್ತದೆ ಅಂತ ಗೊತ್ತಾಗುತ್ತದೆ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೋ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಅವು ಎಷ್ಟು ಜೋರಾಗಿ ಪೂರ್ವಕ್ಕೆ ಓಡುತ್ತವೆ ಅಂತ ಬರೆದಿಟ್ಟರು. ಜಗತ್ತಿಗೆಲ್ಲ ತಿಳಿಯಲಿ ಅಂತ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲರಿಗೂ ಸಾಮಾನ್ಯ ಭಾಷೆಯಾಗಲಿ ಅಂತ ಮಾಡಿದ ಭಾಷೆ ಅದು. ಓದುವವರೇ ಇರಲಿಲ್ಲ ಪಾಪ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರ್‌ಗಳು ಈ ಗಾಳಿಗೆ ಸಿಕ್ಕಿ ಒದ್ದಾಡಿದ ಮೇಲೆಯೇ ಉಳಿದವರಿಗೆ ಇದರ ರುಚಿ ಗೊತ್ತಾಗಿದ್ದು.

ನಮ್ಮ ಊರಿಗೂ ಕ್ಯಾಲಿಫೋರ್ನಿಯಾಕ್ಕೂ ಇರುವ ನಂಟು ವಿಚಿತ್ರ. ಎರಡೂ ಗ್ಲೋಬಿನ ಎದುರುಬದುರು ಪಕ್ಕದಲ್ಲಿವೆ. ಪೂರ್ವಕ್ಕೆ ಹೋದರೂ ಆದೀತು, ಪಶ್ಚಿಮಕ್ಕೆ ಹೋದರೂ ಆದೀತು, ನೇರ ಉತ್ತರಕ್ಕೆ ಹೋದರೂ ಆದೀತು. ಹಾಗಾಗಿ ವಿಮಾನ ಕಂಪನಿಯವರು ಗಾಳಿ ನೋಡಿ ದಾರಿ ಆರಿಸುತ್ತಾರೆ. ಎಷ್ಟೋ ಸಲ ಹೋಗುವಾಗ ಪೆಸಿಫಿಕ್ ಮೇಲೆ ಪೂರ್ವಕ್ಕೆ, ಬರುವಾಗ ಅಟ್ಲಾಂಟಿಕ್ ಮೇಲೆ ಮತ್ತೆ ಪೂರ್ವಕ್ಕೆ. ಆಗ ಹಿಂದಿರುಗಿ ಬರುವುದು ಅನ್ನುವುದೇ ಇಲ್ಲ. ಹೋದವರು ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿ ಮನೆಗೆ ಬರುತ್ತಾರೆ. ಕಾಶಿಗೆ ಹೋಗಿ ಬಂದವರ ಕಾಲಿಗೆ ಬೀಳುವ ನಮ್ಮ ಜನ ಇವರಿಗೆ ಏನು ಮಾಡಬೇಕೋ!

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂತಲ್ಲ, ಅದು ಬಂದದ್ದು ಉತ್ತರ ಧ್ರುವದ ಮೇಲಿಂದ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಪೈಲಟ್‌ಗಳೆಲ್ಲ ಹೆಂಗಸರೇ. ಅಲ್ಲಿ ಒಂಬತ್ತನೇ ತಾರೀಖಿನ ರಾತ್ರಿ ಹತ್ತಿದವರು ಇಲ್ಲಿ ಹನ್ನೊಂದರ ನಸುಕಿನಲ್ಲಿ ಇಳಿದರು. ಹಾರಿದ್ದು ಹದಿನೇಳು ಗಂಟೆಯ ಆಸುಪಾಸು. ಧ್ರುವದ ಮೇಲೆ ಹೋಗುವುದೆಂದರೆ ಬೇರೆಯೇ ತಯಾರಿ ಬೇಕು. ಅಲ್ಲಿ ದಿಕ್ಸೂಚಿಯನ್ನು ನಂಬುವ ಹಾಗಿಲ್ಲ. ಹೊರಗಿನ ಚಳಿಗೆ ಇಂಧನವೇ ಹೆಪ್ಪುಗಟ್ಟಬಹುದು. ವಿಮಾನದ ಮಾಮೂಲು ಇಂಧನ ಗಟ್ಟಿಯಾಗತೊಡಗುವುದು ಮೈನಸ್ 47 ಡಿಗ್ರಿಗೆ, ಆ ಎತ್ತರದಲ್ಲಿ ಚಳಿ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಟ್ಯಾಂಕಿನ ಇಂಧನದ ಬಿಸಿ ಎಷ್ಟಿದೆ ಅಂತ ಪೈಲಟ್ ನೋಡುತ್ತಲೇ ಇರಬೇಕು. ಮೇ ತಿಂಗಳ ಬಳ್ಳಾರಿಯಲ್ಲಿ ಕೂತು ಇದನ್ನು ಓದುವಾಗ ನನಗೆ ಫ್ಯಾನು ಬೇಡ ಅನ್ನಿಸಿತು.

ಸುತ್ತು ಹೊಡೆದು ಬೇಗ ಮುಟ್ಟುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಬೆಂಗಳೂರು ನಮಗೆ ದಕ್ಷಿಣಕ್ಕಿದೆ. ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ ಬಿಟ್ಟು ಪೂರ್ವಕ್ಕೆ ಗುಂತಕಲ್ ಕಡೆ ಹೋಗುತ್ತದೆ. ಅನಂತಪುರ, ಧರ್ಮಾವರಂ, ಹಿಂದೂಪುರ ಅಂತ ಅರ್ಧ ರಾತ್ರಿ ಆಂಧ್ರದಲ್ಲೇ ಓಡಿ ಬೆಳಗ್ಗೆ ಯಲಹಂಕಕ್ಕೆ ತರುತ್ತದೆ. ವಿಮಾನ ಹಿಡಿಯುವವರು ಅಲ್ಲೇ ಇಳಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಕಾರಿನವರೂ ಅಷ್ಟೇ. ಚಳ್ಳಕೆರೆ, ಹಿರಿಯೂರು, ತುಮಕೂರು ಅಂತ ಕರ್ನಾಟಕದೊಳಗೇ ಹೋಗುವ ದಾರಿ ಇದೆ. ಆದರೆ ಏರ್‌ಪೋರ್ಟ್ ಅಂದ ಕೂಡಲೇ ನಮ್ಮ ಡ್ರೈವರ್‌ಗಳು ಉರವಕೊಂಡ, ಅನಂತಪುರದ ಕಡೆ ಸ್ಟೇರಿಂಗ್ ತಿರುಗಿಸುತ್ತಾರೆ. ದೇವನಹಳ್ಳಿ ಹೈದರಾಬಾದ್ ರಸ್ತೆಯ ಮೇಲಿದೆ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿದರೆ ಊರೊಳಗೆ ಕಾಲಿಡದೆ ನೇರ ನಿಲ್ದಾಣ.

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯವರು ಕಟ್ಟಿದ ವಿದ್ಯಾನಗರ ನಿಲ್ದಾಣವೂ ಇದೆ ಅನ್ನಿ. ಉಡಾನ್ ಯೋಜನೆ ಬಂದ ಮೇಲೆ ಅಲ್ಲಿಂದ ಬೆಂಗಳೂರು, ಹೈದರಾಬಾದಿಗೆ ಸಣ್ಣ ವಿಮಾನಗಳು ಹಾರಿವೆ. ಬಳ್ಳಾರಿಗೇ ಒಂದು ನಿಲ್ದಾಣ ಅಂತ ಚಾಗನೂರಿನ ಬಳಿ ಜಾಗ ನೋಡಿ ಹತ್ತು ವರ್ಷದ ಮೇಲಾಯಿತು. ನೀರಾವರಿ ಭೂಮಿ ಕೊಡಲ್ಲ ಅಂತ ರೈತರು ಹೋರಾಡಿದರು. ಭತ್ತ ಬೆಳೆಯುವ ಭೂಮಿಯ ವಿಷಯದಲ್ಲಿ ನಾನು ರೈತರ ಕಡೆ. ಮುನ್ನೂರು ಕಿಲೋಮೀಟರ್ ಕಾರಿನಲ್ಲಿ ಹೋದರೆ ಯಾರಿಗೂ ಏನೂ ಆಗುವುದಿಲ್ಲ.

ಗಡಿಯದು ಮೂರನೇ ಕಾಟ. ಆಕಾಶಕ್ಕೂ ಗೇಟು ಇರುತ್ತದೆ ಅಂತ ನಮಗೆ ಗೊತ್ತಾಗುವುದು ಅದು ಮುಚ್ಚಿದಾಗ. ಬಾಲಾಕೋಟ್ ಆದ ಮೇಲೆ 2019ರ ಫೆಬ್ರವರಿ ಕೊನೆಯಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ಪೂರ್ತಿ ತೆರೆದದ್ದು ಜುಲೈನಲ್ಲಿ. ಪಹಲ್ಗಾಮ್ ಆದ ಮೇಲೆ 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಯುರೋಪಿಗೆ ಹೋಗುವವರು ಕೆಳಗಿಳಿದು ಅರಬ್ಬೀ ಸಮುದ್ರದ ಮೇಲೆ ಸುತ್ತಬೇಕಾಯಿತು. ದಕ್ಷಿಣದವರಾದ ನಮಗೆ ಇದರ ಬಿಸಿ ಕಡಿಮೆ, ನಾವು ಗಲ್ಫ್ ಕಡೆ ಹೋಗುವುದೇ ಸಮುದ್ರದ ಮೇಲೆ. 2022ರಿಂದ ಅಮೆರಿಕ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ. ಏರ್ ಇಂಡಿಯಾಕ್ಕೆ ಇದೆ. ಅಂದರೆ ಅದೇ ಎರಡು ಊರು, ಅದೇ ದಿನ, ಅದೇ ಗಾಳಿ. ಆದರೂ ವಿಮಾನದ ಬಾಲದ ಮೇಲೆ ಯಾವ ದೇಶದ ಬಣ್ಣ ಇದೆ ಅನ್ನುವುದರ ಮೇಲೆ ಹೊತ್ತು ಬದಲಾಗುತ್ತದೆ. ಊರು ಊರಿನ ನಡುವಿನ ದೂರ ದೇಶ ದೇಶದ ಜಗಳಕ್ಕೆ ತಕ್ಕ ಹಾಗೆ ಉದ್ದ ಆಗುವುದು ನನಗಂತೂ ಸರಿ ಕಾಣುವುದಿಲ್ಲ. ನನ್ನ ಮಾತು ಯಾರು ಕೇಳುತ್ತಾರೆ, ಬಿಡಿ.

ಗಡಿಯಾರದ ವಿಷಯದಲ್ಲಿ ಅವ್ವ ನನಗಿಂತ ಹುಷಾರು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅವರು ಮಾರ್ಚ್‌ನಲ್ಲಿ ಗಡಿಯಾರ ಮುಂದಿಡುತ್ತಾರೆ, ನವೆಂಬರ್‌ನಲ್ಲಿ ಹಿಂದಿಡುತ್ತಾರೆ. ಅವ್ವನ ಸೂತ್ರ ಸುಲಭ. ಹಗಲನ್ನು ರಾತ್ರಿ ಮಾಡು, ಒಂದೂವರೆ ತಾಸು ಕಳಿ, ಬೇಸಿಗೆಯಾದರೆ ಅರ್ಧ ತಾಸು ಕಳಿ. ಇಲ್ಲಿ ಬೆಳಗ್ಗೆ ಎಂಟು ಅಂದರೆ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಆ ಅರ್ಧ ಗಂಟೆಯ ಕಿರಿಕಿರಿ ನಮ್ಮದೇ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು. ಬಳ್ಳಾರಿ ಇರುವುದು 77ರ ಹತ್ತಿರ. ಹಾಗಾಗಿ ಇಲ್ಲಿ ಸೂರ್ಯ ಸರಾಸರಿ 22 ನಿಮಿಷ ತಡ. ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ಇನ್ನೂ ಕೋಟೆ ಗುಡ್ಡದ ನೆತ್ತಿಗೆ ಬಂದಿರುವುದಿಲ್ಲ.

ಪೆಸಿಫಿಕ್ ಕಡೆಯಿಂದ ಹೋದರೆ ದಿನರೇಖೆ, ಅಂದರೆ ತಾರೀಖು ಬದಲಾಗುವ ಗೆರೆ, ದಾಟಬೇಕು. ಚಳಿಗಾಲದಲ್ಲಿ ಬೆಂಗಳೂರನ್ನು ಮಧ್ಯಾಹ್ನ ಎರಡಕ್ಕೆ ಬಿಟ್ಟು ಹದಿನಾರು ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಕಾಗದದ ಮೇಲೆ ಎರಡೂವರೆ ಗಂಟೆಯ ಪ್ರಯಾಣ, ನಮ್ಮಲ್ಲಿ ಹೊಸಪೇಟೆಗೆ ಬಸ್ಸಿನಲ್ಲಿ ಹೋಗಿ ಒಂದು ಚಹಾ ಕುಡಿಯುವಷ್ಟು. ಬರುವಾಗ ಮಾತ್ರ ಈ ಸಾಲವನ್ನೆಲ್ಲ ತೀರಿಸಬೇಕು. ರಾತ್ರಿ ಹತ್ತಿದರೆ ಒಂದು ಇಡೀ ತಾರೀಖು ನುಂಗಿಹೋಗಿರುತ್ತದೆ.

ಇಷ್ಟೆಲ್ಲ ಓದಿದ್ದು ಈಗ ಕೆಲಸಕ್ಕೆ ಬಂದಿದೆ. ತಂಗಿಗೆ ಮಗುವಾಗುವುದಿದೆ, ಅವ್ವ ಬಾಣಂತನಕ್ಕೆ ಹೋಗಬೇಕು. ತಂಗಿ ಫೋನಿನಲ್ಲಿ, "ಅಣ್ಣಾ, ಯಾವುದು ಕಡಿಮೆ ಹೊತ್ತು ಅದನ್ನೇ ಮಾಡು" ಅಂದಳು. ಟಿಕೆಟ್ ಏಜೆಂಟರೂ ಕಡಿಮೆ ಗಂಟೆಯದನ್ನೇ ಮೊದಲು ತೋರಿಸಿದರು. ನಾನು ಬೇಡ ಅಂದೆ. ಅವ್ವನಿಗೆ ಮಂಡಿನೋವು. ಹದಿನಾರು ಹದಿನೇಳು ಗಂಟೆ ಒಂದೇ ಸಮನೆ ಕೂತರೆ ಕಾಲು ಊದುತ್ತದೆ, ಕೆಲವರಿಗೆ ಕಾಲಿನ ರಕ್ತ ಹೆಪ್ಪುಗಟ್ಟುವುದೂ ಉಂಟು. ದುಬೈ ಮೂಲಕ ಹೋದರೆ ಮೊದಲು 2,700 ಕಿಲೋಮೀಟರ್, ಆಮೇಲೆ 13,000 ಚಿಲ್ಲರೆ. ಎರಡನೇದು ಹೆಚ್ಚುಕಡಿಮೆ ನೇರ ವಿಮಾನದಷ್ಟೇ ಉದ್ದ, ಉಪಯೋಗವಿಲ್ಲ. ಯುರೋಪಿನಲ್ಲಿ ಇಳಿದು ಹೋಗುವುದಾದರೆ ಒಟ್ಟು ದೂರ ಹದಿನಾರೂವರೆ ಸಾವಿರ ದಾಟುತ್ತದೆ, ಚಳಿಗಾಲದ ಎದುರುಗಾಳಿಯೂ ಇದೆ. ಆದರೆ ದಾರಿ ಎರಡು ತುಂಡಾಗುತ್ತದೆ. ಒಂಬತ್ತು ಹತ್ತು ಗಂಟೆ, ಇಳಿದು ಮೂರು ನಾಲ್ಕು ಗಂಟೆ ಅಡ್ಡಾಡುವುದು, ಮತ್ತೆ ಹನ್ನೊಂದು ಹನ್ನೆರಡು ಗಂಟೆ. ಒಟ್ಟು ಹೊತ್ತು ಜಾಸ್ತಿ, ಕಾಲಿಗೆ ಕಷ್ಟ ಕಡಿಮೆ. ಫ್ರಾಂಕ್‌ಫರ್ಟ್ ಮೇಲೆ ಮಾಡಿಸಿದೆ. ಗಾಲಿಕುರ್ಚಿಗೂ ಹೇಳಿದ್ದೇನೆ.

ಅವ್ವ ಟಿಕೆಟ್‌ನ ಪ್ರಿಂಟ್ ತಿರುಗಿಸಿ ತಿರುಗಿಸಿ ನೋಡಿದಳು. ದೂರ ಕೇಳಲಿಲ್ಲ, ಗಂಟೆಯನ್ನೂ ಕೇಳಲಿಲ್ಲ.

"ನಡುವೆ ಇಳಿಯೋ ಊರಾಗ ಕುಡಿಯಾಕ ಬಿಸಿನೀರು ಸಿಗ್ತೈತೇನಪ್ಪ?"

"ಸಿಗ್ತೈತವ್ವ. ಚಹಾದಂಗಡಿಯಾಗ ಕೇಳಬೇಕು."

"ಅವರ ಭಾಷೆ ನನಗೆಲ್ಲಿ ಬರ್ತೈತೆ?" ಅಂದಳು. ಮೊಮ್ಮಗಳು ಈಗ ದಿನಾ ಸಂಜೆ ಅಜ್ಜಿಗೆ "ಹಾಟ್ ವಾಟರ್, ಪ್ಲೀಸ್" ಹೇಳಿಕೊಡುತ್ತಿದ್ದಾಳೆ. "ಹಾಟ್ ವಾಟರ್" ಬಂದಿದೆ. "ಪ್ಲೀಸ್" ಯಾಕೆ, ದುಡ್ಡು ಕೊಡ್ತೀವಲ್ಲ ಅಂತ ಅವ್ವನ ವಾದ.